ನೀರು ಹೋಯ್ತು

ನೀರುಗಂಟಿಯ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ಫೋನು ಕೂಗಿ. "ನೀರು ಹೋಯ್ತು ಕಣಣ್ಣಾ." "ಇನ್ನೂ ಬಂದಿಲ್ವಲ್ಲಣ್ಣಾ." "ಕೊಡ ಇಟ್ಕೊಂಡು ಕೂತಿದೀವಿ, ಸತ್ತಿದೀಯೋ ಬದುಕಿದೀಯೋ?" ಟ್ಯಾಂಕಿನಿಂದ ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಅನ್ನುವುದು ಅವನ ಕೈಯಲ್ಲಿತ್ತು. ಎದೆಮಟ್ಟದ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು, ರಸ್ತೆಯ ಮುಚ್ಚಳ ಎತ್ತಿ, ವಾಲ್ವ್ ತಿರುಗಿಸುತ್ತಾ ಊರೆಲ್ಲ ತಿರುಗುತ್ತಿದ್ದ. ಯಾರು ಏನೇ ಬೈದರೂ ಅವನದು ಒಂದೇ ಉತ್ತರ: "ಬರುತ್ತೆ, ಬರುತ್ತೆ, ಸ್ವಲ್ಪ ತಾಳಿ." ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಅದನ್ನೇ ಹೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ನಗು ಬತ್ತಿತು.

ಅವಳು ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಟೈಲರಮ್ಮ. ಅವಳ ಮೊದಲನೇ ಹೆರಿಗೆ ದೊಡ್ಡಾಸ್ಪತ್ರೆಯಲ್ಲಿ ಆಗಿತ್ತು. ಆಗಿತ್ತು ಅನ್ನುವುದಕ್ಕಿಂತ ಹೋಗಿತ್ತು ಅನ್ನಬೇಕು. ಮಂಚ ಖಾಲಿಯಿಲ್ಲ ಅಂತ ವರಾಂಡದ ಬೆಂಚಿನ ಮೇಲೆ ಮಲಗಿಸಿದರು. ನೋವು ತಡೆಯಲಾರದೆ ಕೂಗಿದರೆ, "ಬಸುರಾಗೋವಾಗ ಹಿಂಗೇ ಕೂಗಿದ್ಯೇನೇ?" ಅಂದಳು ಒಬ್ಬ ಆಯಾ. ಉಳಿದವರು ನಕ್ಕರು. ಕೂಸು ಅಳಲಿಲ್ಲ. ಗಂಡೋ ಹೆಣ್ಣೋ ಅನ್ನುವುದನ್ನೂ ಯಾರೂ ಹೇಳಲಿಲ್ಲ, ಅವಳೇ ಬಟ್ಟೆ ಬಿಚ್ಚಿ ನೋಡಿಕೊಂಡಳು. ಗಂಡ ಆ ದಿನ ಕೆಳಗಿನ ಬೀದಿಗೆ ನೀರು ಬಿಡುತ್ತಿದ್ದ.

ಎರಡನೇದು ನಿಂತಾಗ ಅವಳು ಖಡಾಖಂಡಿತ ಹೇಳಿದಳು: "ಆ ಹೊಸಿಲು ನಾನು ತುಳಿಯಲ್ಲ. ಹೆತ್ತರೆ ಈ ಮನೇಲಿ, ಸತ್ತರೂ ಈ ಮನೇಲಿ."

ಹೆರಿಗೆ ಮಾಡಿಸಿ ಮಾಡಿಸಿ ಕೆಲಸದಿಂದ ನಿವೃತ್ತಳಾದ ನರ್ಸಮ್ಮ ಹಿಂದಿನ ಬೀದಿಯಲ್ಲೇ ಇದ್ದಳು. ಒಪ್ಪಿಕೊಂಡಳು, ಆದರೆ ಬೆರಳು ಎತ್ತಿ. "ಗಾಡಿ ಬಾಗಿಲಲ್ಲಿ ನಿಂತಿರಬೇಕು. ಹೊಟ್ಟೆ ನೀರು ಹೋದ ಮೇಲೆ ಅರ್ಧ ದಿನದೊಳಗೆ ನೋವು ಶುರುವಾಗ್ಬೇಕು. ನೀರಿನ ಬಣ್ಣ ತಿರುಗಿತೋ, ಆಮೇಲೆ ನಿನ್ನ ಹಟ ಗಿಟ ನಾನು ಕೇಳಲ್ಲ."

"ನಾನೂ ಗಾಡೀನೂ ಬಾಗಿಲಲ್ಲೇ," ಅಂದಿದ್ದ ನೀರುಗಂಟಿ. ಪೈಪು ಸಾಗಿಸುವ ಮೂರು ಗಾಲಿಯ ಗಾಡಿ ಅವನ ಹತ್ತಿರವೇ ಇರುತ್ತಿತ್ತು. "ಊರು ಒಣಗಿ ಸಾಯಲಿ. ಈ ಸಲ ಮನೆ ಮೊದಲು."

ಆ ದಿನ ಬೆಳಗ್ಗೆ ಟೈಲರಮ್ಮ ಶಾಲೆ ಮಕ್ಕಳ ಬಿಳಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಹೊಟ್ಟೆ ಮಿಶನ್ನಿಗೆ ತಾಗುತ್ತಿದ್ದುದರಿಂದ ಓರೆಯಾಗಿ ಕೂತಿದ್ದಳು. ಒಳಗೆ ದಾರ ಹರಿದ ಹಾಗೆ ಏನೋ ಬಿಟ್ಟಿತು. ಬೆಚ್ಚಗೆ ನೀರು ತೊಡೆಯಿಂದ ಇಳಿದು ಪೆಡಲ್ ಮೇಲೆಲ್ಲ ಹರಿಯಿತು. ಅವಳು ಮೊದಲು ಮಾಡಿದ್ದು ಮಡಿಲಲ್ಲಿದ್ದ ಬಿಳಿ ಬಟ್ಟೆಯನ್ನು ಮೇಲೆತ್ತಿದ್ದು. ಕಸುಬು ಅಂದರೆ ಹಾಗೆ. ಆಮೇಲೆ ಫೋನು ಮಾಡಿದಳು.

"ರೀ, ನೀರು ಹೋಯ್ತು."

ಆ ಕಡೆ ಮೋಟರಿನ ಗೊರಗೊರ, ಹತ್ತು ಜನರ ಗದ್ದಲ. "ಬರುತ್ತೆ, ಬರುತ್ತೆ, ಸ್ವಲ್ಪ ತಾಳಿ," ಅಂದ. ಇಟ್ಟೇಬಿಟ್ಟ.

ಅವಳು ಫೋನನ್ನೇ ನೋಡಿದಳು. ಮತ್ತೆ ಮಾಡಿದಳು. ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ ಅಂತ ಒಂದು ಹೆಣ್ಣು ಯಂತ್ರ ಸಕ್ಕರೆಯಂಥ ದನಿಯಲ್ಲಿ ಹೇಳಿತು. "ಗೊತ್ತಮ್ಮಾ ತಾಯಿ," ಅಂದಳು ಟೈಲರಮ್ಮ, "ಯಾವತ್ತು ನನ್ನ ಕರೇಲಿದ್ರು!" ಆಮೇಲೆ ಮಾಡಿದ್ದಕ್ಕೆಲ್ಲ ಫೋನು ಸುಮ್ಮನೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ.

ಅಡುಗೆಮನೆಯಿಂದ ಬಂದ ಅತ್ತೆ ನೆಲ ನೋಡಿದಳು, ಸೊಸೆಯ ಮುಖ ನೋಡಿದಳು. "ಅವನಿಗೆ ಹೇಳಿದ್ಯಾ?"

"ಹೇಳ್ದೆ. ಸ್ವಲ್ಪ ತಾಳಿ ಅಂದ್ರು."

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ನನ್ ಮಗನೇ! ಕೊಳಾಯಿ ನೀರು ಅಂದ್ಕೊಂಡನಲ್ಲೇ!"

"ಕಟ್ಟಿದ್ದೂ ತಾಳಿ, ಹೇಳಿದ್ದೂ ತಾಳಿ. ಆ ಮನುಷ್ಯನಿಂದ ನನಗೆ ಸಿಕ್ಕಿದ್ದು ಅಷ್ಟೇ," ಅಂದಳು ಸೊಸೆ. ಅತ್ತೆಯ ನಗು ಅರ್ಧಕ್ಕೇ ನಿಂತಿತು.

ನರ್ಸಮ್ಮ ಬಂದಳು. ಹೊಟ್ಟೆ ಮುಟ್ಟಿ, ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳಿದಳು. "ಚೆನ್ನಾಗಿದೆ. ನೀರೂ ತಿಳಿಯಾಗಿದೆ. ಬಿಳಿ ಬಟ್ಟೆ ಕೊಡು, ಮೈಕೆಳಗೆ ಇಟ್ಕೋಬೇಕು. ಬಣ್ಣದ್ದು ಬೇಡ, ಬಣ್ಣದ ಬಟ್ಟೇಲಿ ನೀರಿನ ಬಣ್ಣ ನನಗೆ ಕಾಣಲ್ಲ."

ಮನೆಯಲ್ಲಿದ್ದ ಬಿಳಿ ಬಟ್ಟೆ ಶಾಲೆಯದೇ. ಟೈಲರಮ್ಮ ಹೊಲಿದ ಅಂಗಿಯನ್ನು ಪಕ್ಕಕ್ಕಿಟ್ಟು, ಹೊಲಿಯದ ಬಟ್ಟೆಯನ್ನು ಕತ್ತರಿಯಿಂದ ಕರಕರ ಕತ್ತರಿಸಿದಳು. 

"ಇನ್ನು ನಡೀ," ಅಂದಳು ನರ್ಸಮ್ಮ. "ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ನೋವು ಬರೋವರೆಗೂ ನಡೀತಾ ಇರು."

ನಡೆದಳು. ಒಂಬತ್ತು ತಿಂಗಳು ಯಾವುದಕ್ಕೆ ಹೆದರಿ ಬೆವತಿದ್ದಳೋ ಅದನ್ನೇ ಈಗ ಬಾ ಅಂತ ಕರೆಯಬೇಕಾಗಿತ್ತು. ಸೊಂಟಕ್ಕೆ ಕೈಯಿಟ್ಟು ಕಾದಳು. ಹೊಟ್ಟೆ ಒಂದು ಸಲ ಕಲ್ಲಿನ ಹಾಗೆ ಬಿಗಿಯಿತು. ಮೂರು ಜನವೂ ಉಸಿರು ಬಿಗಿಹಿಡಿದರು. ಮತ್ತೆ ಹಿಟ್ಟಿನ ಮುದ್ದೆಯ ಹಾಗೆ ಸಡಿಲವಾಯಿತು. ಅಷ್ಟೇ. ಬೇಡ ಅಂದಾಗೆಲ್ಲ ಮೈಮೇಲೆ ಬಿದ್ದು ಬರುವ ನೋವು, ಬಾ ಅಂದಾಗ ಬಿಗುಮಾನ ಮಾಡುತ್ತಿತ್ತು.

"ನಿನ್ನ ಗಂಡ ಹುಟ್ಟೋವಾಗ್ಲೂ ಹಿಂಗೇ," ಅಂದಳು ಅತ್ತೆ, ಸಮಾಧಾನ ಮಾಡುವವಳ ಹಾಗೆ. "ನೀರೆಲ್ಲ ಹೋದ್ರೂ ಅವನ ಪತ್ತೆಯಿಲ್ಲ. ಅವತ್ತಿಂದ ಇವತ್ತಿನವರೆಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ."

"ಅಲ್ಲೇ ಒಳಗೇ ಇಟ್ಕೊಂಡಿರ್ಬೇಕಿತ್ತು ಅತ್ತೆ."

ನರ್ಸಮ್ಮ ಬಿಸಿನೀರು ಬೇಕು ಅಂದಳು. ಅತ್ತೆ ಹಂಡೆಯ ಮುಚ್ಚಳ ತೆಗೆದು, ಬಗ್ಗಿ, ಚೊಂಬಿನಿಂದ ತಳ ಕೆರೆದಳು. ನೀರುಗಂಟಿಯ ಮನೆಯಲ್ಲಿ ನೀರಿರಲಿಲ್ಲ. ಅದು ಹೊಸದೂ ಅಲ್ಲ. ತನ್ನ ಬೀದಿಗೆ ಅವನು ಯಾವಾಗಲೂ ಕೊನೆಗೇ ಬಿಡುತ್ತಿದ್ದ. ಆ ಹೊತ್ತಿಗೆ ಟ್ಯಾಂಕಿನಲ್ಲಿ ಏನು ಉಳಿದಿದೆಯೋ ಅದು. ಅಷ್ಟರಲ್ಲೇ ಪಕ್ಕದ ಮನೆಯಾಕೆ ಖಾಲಿ ಕೊಡ ಕಂಕುಳಲ್ಲಿಟ್ಟು ಬಾಗಿಲಲ್ಲಿ ನಿಂತಳು.

"ನಿಮ್ಮನೇಲೂ ನೀರು ಹೋಯ್ತಾ?"

"ಹೋಯ್ತಮ್ಮಾ, ಬೆಳಗ್ಗೇನೇ ಹೋಯ್ತು," ಅಂದಳು ಅತ್ತೆ.

"ನಮ್ಮನೇಲಿ ನಿನ್ನೆ ರಾತ್ರೀನೇ ಹೋಯ್ತು! ನಿಮ್ಮ ಮಗನಿಗೆ ಒಂದು ಮಾತು ಹೇಳಬಾರ್ದೇನಜ್ಜಿ?"

ಒಳಗಿನಿಂದ ಟೈಲರಮ್ಮ ಕಿರುಚಿದಳು: "ಯಾರ್ಯಾರ ಮನೇಲಿ ಹೋಯ್ತೋ ಎಲ್ಲಾರೂ ಬಂದು ಇಲ್ಲಿ ಸಾಲಾಗಿ ಮಲಗ್ಕೊಳಿ! ನರ್ಸಮ್ಮ ನೋಡ್ತಾರೆ!"

ಪಕ್ಕದ ಮನೆಯಾಕೆ ಕೊಡ ಅಲ್ಲೇ ಬಿಟ್ಟು ಓಡಿದಳು. ನಡುಮನೆಯಲ್ಲಿ ಅವಳ ಖಾಲಿ ಕೊಡ ಉರುಳಾಡಿತು. ಅರ್ಧ ಗಳಿಗೆಯಲ್ಲಿ ತನ್ನ ಕುಡಿಯುವ ನೀರನ್ನೇ ಒಂದು ಪಾತ್ರೆ ತಂದಿಟ್ಟು ಹೋದಳು.

ಮಧ್ಯಾಹ್ನ ಕಳೆಯಿತು. ನೋವಿಲ್ಲ. ಬಾಗಿಲಲ್ಲಿ ಗಾಡಿಯಿಲ್ಲ. ಅತ್ತೆ ಎದುರಿನ ಇಸ್ತ್ರಿಯವನನ್ನು ಕರೆದಳು. ಅವನ ಹತ್ತಿರ ಹಳೇ ಸ್ಕೂಟರ್ ಇತ್ತು. ಗಂಡಸಿನ ಮುಂದೆ ಬಿಡಿಸಿ ಹೇಳಲು ಮುದುಕಿಗೆ ನಾಚಿಕೆ. ಸೆರಗು ಎಳೆದುಕೊಂಡು, ನೆಲ ನೋಡುತ್ತಾ ಹೇಳಿದಳು: "ನನ್ನ ಮಗ ಎಲ್ಲಿದ್ರೂ ಹುಡುಕಿ, ಮನೇಲಿ ನೀರು ಹೋಯ್ತಂತೆ ಅಂತ ಹೇಳಪ್ಪ. ಅಷ್ಟಂದ್ರೆ ಸಾಕು, ಅವನಿಗೆ ತಿಳಿಯುತ್ತೆ."

ಇಸ್ತ್ರಿಯವ ಹೋಗಿ ಬಂದ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತು ವರದಿ ಒಪ್ಪಿಸಿದ. "ಮೇಲಿನ ಬೀದೀಲಿ ದೊಡ್ಡ ಪೈಪು ಒಡೆದಿದೆ ಅಜ್ಜಿ. ಫೋನು ಗಾಡೀಲಿಟ್ಟು ಗುಂಡಿಗಿಳಿದಿದಾನೆ. ಹೇಳ್ದೆ."

"ಏನಂದ?"

"ನಮ್ಮನೆಗೆ ಕೊನೆಗೆ ಅಂದ. ಮೊದಲು ಬೇರೆಯವರಿಗೆ ಆಗಲಿ, ಮನೆಯವರಿಗೇ ಮೊದಲು ಬಿಟ್ಟರೆ ಊರು ಬಯ್ಯುತ್ತೆ ಅಂದ." ಇಸ್ತ್ರಿಯವನ ದನಿಯಲ್ಲಿ ಮೆಚ್ಚುಗೆ ಇತ್ತು. "ಅಂಥಾ ನ್ಯಾಯವಂತ ಈ ಕಾಲದಲ್ಲಿ ಸಿಗಲ್ಲ ಬಿಡಿ. ಅಲ್ಲಿದ್ದೋರೆಲ್ಲ ಭೇಷ್ ಅಂದ್ರು."

ನಡೆಯುತ್ತಿದ್ದ ಟೈಲರಮ್ಮ ನಿಂತಳು. ನರ್ಸಮ್ಮನ ಕೈ ಕೊಡವಿ ಬಾಗಿಲಿಗೇ ಬಂದಳು. ಕೂದಲು ಕೆದರಿತ್ತು, ಲಂಗ ಒದ್ದೆಯಾಗಿತ್ತು.

"ಹೆರಿಗೆ ನೀರು ಕಣಯ್ಯಾ! ನನ್ನ ಹೊಟ್ಟೆ ನೀರು! ಕೊಳಾಯಿದಲ್ಲ! ಹೋಗಿ ಆ ನ್ಯಾಯವಂತನಿಗೆ ಹಿಂಗೇ ಹೇಳು, ಭೇಷ್ ಅಂದೋರಿಗೂ ಕೇಳೋ ಹಾಗೆ ಹೇಳು!"

ಇಸ್ತ್ರಿಯವ ಚಪ್ಪಲಿ ಮೆಟ್ಟುವುದನ್ನೂ ಮರೆತು ಸ್ಕೂಟರ್ ಒದ್ದ.

ಅದರ ಸದ್ದು ಬೀದಿಯ ಕೊನೆ ಮುಟ್ಟುವ ಮೊದಲೇ ನರ್ಸಮ್ಮ ಹಿಂದಿನಿಂದ ಹೇಳಿದಳು: "ಮೆಲ್ಲಗೆ ಒಳಗೆ ಬಾ. ಬಟ್ಟೆ ಬದಲಾಯಿಸು."

ಬಟ್ಟೆ ಬದಲಾಯಿಸಿದಳು. ತೆಗೆದ ಬಟ್ಟೆಯನ್ನು ನರ್ಸಮ್ಮ ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿಯ ಮೇಲೆ ಹಸಿರು. ಪಾಚಿ ಕಟ್ಟಿದ ತೊಟ್ಟಿಯ ನೀರಿನ ಹಾಗೆ. 

"ಕೂಸು ಒಳಗೇ ಕಕ್ಕ ಮಾಡ್ಕೊಂಡಿದೆ," ಅಂದಳು ನರ್ಸಮ್ಮ. "ಇನ್ನು ಕಾಯೋದಿಲ್ಲ. ಆಸ್ಪತ್ರೆಗೆ."

"ಅಲ್ಲಿಗೆ ಬರಲ್ಲ."

"ಬರಬೇಡ. ಇಲ್ಲೇ ಕೂತ್ಕೋ. ಹೋದ ಸಲ ಅವರು ಕೊಂದ್ರು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಈ ಸಲ ಯಾರ ಹೆಸರು ಹೇಳ್ತೀಯ?"

 ಟೈಲರಮ್ಮ ಅವಳನ್ನು ಕಚ್ಚಿ ಹಾಕುವವಳ ಹಾಗೆ ನೋಡಿದಳು. ಆಮೇಲೆ ಚಪ್ಪಲಿ ಹುಡುಕಿದಳು.

ಗಾಡಿಗೆ ಕಾಯಲಿಲ್ಲ. ಅತ್ತೆ ನಾಚಿಕೆ ಗೀಚಿಕೆ ಎಲ್ಲ ಬಿಟ್ಟು ರಸ್ತೆಯ ನಡುವೆ ಕೈಚಾಚಿ ನಿಂತು ಒಂದು ಆಟೋ ತಡೆದಳು. ಬೀದಿಯ ತಿರುವಿನಲ್ಲಿ ಆಟೋ ನಿಧಾನವಾಯಿತು. ಪೈಪಿನ ಗಾಡಿ ಅಡ್ಡ ನಿಂತಿತ್ತು. ಅದರ ಮುಂದೆ, ಮೊಣಕಾಲವರೆಗೆ ಕೆಸರಾದ ನೀರುಗಂಟಿ, ಮುಚ್ಚಳ ತೆಗೆದ ಗುಂಡಿಯ ಮೇಲೆ ಬಗ್ಗಿ ಕೀಲಿ ತಿರುಗಿಸುತ್ತಿದ್ದ. ತನ್ನ ಬೀದಿಯ ವಾಲ್ವ್. ಜೀವಮಾನದಲ್ಲೇ ಮೊದಲ ಸಲ, ಸರದಿ ತಪ್ಪಿಸಿ.

ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮುಖ ಅರಳಿತು. "ಬಂದೆ ಬಂದೆ! ಹೆರಿಗೆಗೆ ನೀರು ಬೇಕಲ್ವಾ? ನಮ್ಮನೆಗೇ ಮೊದಲು ಬಿಡ್ತಿದೀನಿ ನೋಡು!"

"ಗಾಡಿ ತೆಗೀರೀ ಪಕ್ಕಕ್ಕೆ," ಅಂದಳು ಅವಳು. ಅಷ್ಟೇ ಅಂದಳು.

ಹಿಂದೆ ಬೀದಿಯ ಕೊಳಾಯಿಗಳೆಲ್ಲ ಒಟ್ಟಿಗೆ ಕೆಮ್ಮಿದವು. ಹೆಂಗಸರು ಸಂಭ್ರಮದಿಂದ ಕೂಗಿಕೊಂಡರು.

ಆಸ್ಪತ್ರೆ ಹಾಗೇ ಇತ್ತು. ಅದೇ ವರಾಂಡ, ಅದೇ ಬೆಂಚು, ಬೇರೆ ಯಾವಳೋ ಅದರ ಮೇಲೆ. "ಮನೇಲೇ ಹೆರ್ತೀನಿ ಅಂದಿದ್ದ ಮಹಾರಾಣಿ ಇವಳೇನಾ?" ಅಂದಳು ಒಬ್ಬ ಆಯಾ. "ಹೌದು, ನಾನೇ," ಅಂದಳು ಟೈಲರಮ್ಮ. "ಕೂಗೋದಿಲ್ಲ. ನೀನೂ ಕೂಗ್ಬೇಡ." ನೋವು ಕೊನೆಗೂ ಬರಲೇ ಇಲ್ಲ. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಒಂದು ಗಳಿಗೆ ಏನೂ ಕೇಳಲಿಲ್ಲ. ಹೋದ ಸಲದ್ದೇ ಮೌನ, ಅವಳಿಗೆ ಗುರುತಿತ್ತು. ಯಾರೋ ಬಾಯಿಗೆ ಕೊಳವೆ ಹಾಕಿ ಎಳೆದರು, ಬೆನ್ನಿಗೆ ತಟ್ಟಿದರು. ಆಮೇಲೆ ಹರಕು ಬಟ್ಟೆ ಸೀಳಿದಂಥ ಅಳು.

"ಹೆಣ್ಣು," ಅಂದಳು ಹಳೇ ಗುರುತಿನ ಮೇಲೆ ಒಳಗೆ ಬಂದು ನಿಂತಿದ್ದ ನರ್ಸಮ್ಮ. ಯಾರೂ ಕೇಳುವ ಮೊದಲೇ ಅಂದಳು.

ಬೀದಿದೀಪ ಹತ್ತುವ ಹೊತ್ತಿಗೆ ಅವಳನ್ನು ವಾರ್ಡಿಗೆ ತಂದರು. ಮೈ ಮರಗಟ್ಟಿತ್ತು, ತಲೆ ಮಾತ್ರ ಉರಿಯುತ್ತಿತ್ತು. ನರ್ಸಮ್ಮ ಬಾಗಿಲಿಂದ ಬಗ್ಗಿ ಹೇಳಿದಳು: "ನಿನ್ನ ಗಂಡ ನಿಂತಿದಾನೆ. ಅಳ್ತಿದಾನೆ ಕಣೇ. ಕಳಿಸ್ಲಾ?"

"ಇರಲಿ. ಮೊದಲು ಅತ್ತೆ ನೋಡಲಿ."

ಅತ್ತೆ ನೋಡಿದಳು. ಮಗುವಿನ ಕಿವಿ ಮುಟ್ಟಿ ಅತ್ತಳು. "ಅವನು ಬರಲೇನಮ್ಮ ಈಗ?"

"ಇಸ್ತ್ರಿಯಣ್ಣ ಬಂದಿದಾರಂತಲ್ಲ. ಅವರು ನೋಡಲಿ."

ಇಸ್ತ್ರಿಯವ ಬರಿಗಾಲಲ್ಲೇ ಬಂದು, ದೂರದಿಂದ ಇಣುಕಿ, ಕೈಮುಗಿದು ಹೋದ. ಕೊಡ ಬಿಟ್ಟು ಓಡಿದ್ದ ಪಕ್ಕದ ಮನೆಯಾಕೆ ನೋಡಿದಳು. ಆಟೋದವನೂ ನೋಡಿದ. ಕಸ ಗುಡಿಸುವವಳು ಕೂಡ ಪೊರಕೆ ಗೋಡೆಗೊರಗಿಸಿ ನೋಡಿದಳು.

"ಇದೆಂಥ ಹಟವೇ?" ಅಂದಳು ಅತ್ತೆ. "ಹೆತ್ತಪ್ಪ ಅಲ್ವೇನೇ ಅವನು?"

"ಅದಕ್ಕೇ ಅತ್ತೆ. ಮನೆಯವರಿಗೆ ಕೊನೆಗೆ. ಮೊದಲು ತೋರಿಸಿದ್ರೆ ಊರು ಬಯ್ಯುತ್ತೆ."

ಬಾಗಿಲಾಚೆ ಅವನಿಗೆ ಅದು ಕೇಳಿಸಿತು. ಮೂಗೊರೆಸಿಕೊಂಡ ಸದ್ದು ಬಂತು, ಬೇರೇನೂ ಇಲ್ಲ. ಸುಮ್ಮನೆ ನಿಂತಿದ್ದ. ಆ ಸುಮ್ಮನಿರುವಿಕೆಗೆ ಅವಳ ಎದೆ ಒಂದು ಕೂದಲೆಳೆಯಷ್ಟು ಸಡಿಲವಾಯಿತು. ಸಾಕು, ಕರೀರಿ ಅಂತ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಅವನ ಫೋನು ಕೂಗಿತು.

ಅವಳು ಬಾಯಿ ತೆರೆದುಕೊಂಡೇ ಕಾದಳು. ಒಂದು ಸಲ ಕೂಗಿತು, ಇನ್ನೊಂದು ಸಲ ಕೂಗಿತು. ಬೆಳಗ್ಗೆಯಿಂದ ನೋವಿಗೂ ಅವಳು ಹೀಗೆ ಕಾದಿರಲಿಲ್ಲ.

"ಬರುತ್ತೆ, ಬರುತ್ತೆ," ಅಂದ ಅವನು ಹೊರಗಿನಿಂದ. "ಸ್ವಲ್ಪ ತಾಳಿ."

"ನರ್ಸಮ್ಮ," ಅಂದಳು ಟೈಲರಮ್ಮ, ಮಗುವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾ. "ಬಾಗಿಲು ಹಾಕಿ."