ಪೆನ್ಸಿಲಿನಲ್ಲಿ ಬರೆದ ಹೆಸರು

ಶಿವಸ್ವಾಮಿ ಮೇಷ್ಟರು ಹಣೆಗೆ ವಿಭೂತಿ ಧರಿಸುತ್ತಿದ್ದಾಗ ಫೋನು ಬಂತು. ಮೂರು ಬೆರಳೂ ಒದ್ದೆ ಬೂದಿಯಾಗಿದ್ದುದರಿಂದ ಹೆಂಡತಿ ಚನ್ನಾಜಮ್ಮನೇ ಅದನ್ನೆತ್ತಿ ಅವರ ಕಿವಿಗೆ ಹಿಡಿದಳು.

"ಸಾ, ನಾನು ಪ್ರಸಾದ್, ತಾಂಡ್ಯದಿಂದ. ದೇವಯ್ಯ ಓಗ್ಬುಟ್ರು ಸಾ. ಬೆಳಿಗ್ಗೆ ಎದೆನೋವು ಅಂದ್ರಂತೆ. ಆಸ್ಪತ್ರೆ ಬಾಗ್ಲು ದಾಟೋಗಂಟನೂ ಇರ್ನಿಲ್ಲ."

"ಶಿವ ಶಿವಾ," ಎಂದರು ಮೇಷ್ಟರು. ಬಾಯಿ ಶಿವನನ್ನು ನೆನೆಯಿತು. ಮನಸ್ಸು ಮಾತ್ರ ಅದಕ್ಕೂ ಮುಂಚೆ ಬೇರೊಂದು ಮಾತು ಆಡಿಬಿಟ್ಟಿತ್ತು: ಹಾಗಾದರೆ ಆ ಹೆಸರು ತೆರವಾಯಿತು.

ಆ ಹೆಸರು 'ಗ್ರಂಥ-ಒಂದು'. ನಂಜನಗೂಡಿನಲ್ಲಿ ಮೇಷ್ಟರಾಗಿದ್ದ ಕಾಲದಲ್ಲೇ ಶಿವಸ್ವಾಮಿಗಳು ಕಂಪ್ಯೂಟರ್ ಕಲಿತು ಶಾಲೆಯ ಲೈಬ್ರರಿಗಳಿಗೆಂದು ಒಂದು ಸಾಫ್ಟ್‌ವೇರ್ ಬರೆದಿದ್ದರು. ಎರಡು ವರ್ಷದ ತರುವಾಯ ತಿ. ನರಸೀಪುರದ ಗ್ರಂಥಪಾಲಕ ದೇವಯ್ಯ ಹಳ್ಳಿ ಲೈಬ್ರರಿಗಳಿಗೆಂದು ಇನ್ನೊಂದನ್ನು ಬರೆದ. ಪುಸ್ತಕಗಳ ಪಟ್ಟಿಯನ್ನು ಒಂದು ಲೈಬ್ರರಿಯಿಂದ ಮತ್ತೊಂದಕ್ಕೆ ಕಳಿಸುವಾಗ ಫೈಲಿನ ಮೊದಲ ಸಾಲಿನಲ್ಲಿ ಒಂದು ಹೆಸರಿರಬೇಕು. ಪಟ್ಟಿಯನ್ನು ಯಾವ ಕ್ರಮದಲ್ಲಿ ಓದಬೇಕೆಂದು ಕಂಪ್ಯೂಟರಿಗೆ ತಿಳಿಯುವುದು ಆ ಹೆಸರಿನಿಂದಲೇ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲದೆ ಇಬ್ಬರೂ ಒಂದೇ ಹೆಸರಿಟ್ಟಿದ್ದರು. ಒಂದು ಹಳ್ಳಿಯ ಶಾಲೆಯವರು ದೇವಯ್ಯನ ಪಟ್ಟಿಯನ್ನು ಮೇಷ್ಟರ ಸಾಫ್ಟ್‌ವೇರಿಗೆ ತುಂಬಿದ ದಿನ ಕವಿಗಳೆಲ್ಲ ಬೀರುವಿನ ನಂಬರುಗಳಾಗಿ, ಬೀರುಗಳೆಲ್ಲ ಕವಿಗಳಾಗಿ ಕೂತಿದ್ದರು.

ಹೋದ ವರ್ಷ, ಇಂಥ ಸಾಫ್ಟ್‌ವೇರ್ ಬರೆಯುವ ಐದು ಜನ, ಇವರಿಬ್ಬರೂ ಪ್ರಸಾದನೂ ಸೇರಿದಂತೆ, ತಿ. ನರಸೀಪುರದ ಒಂದು ಹೋಟೆಲಿನಲ್ಲಿ ಸೇರಿ ಹೆಸರುಗಳ ಪಟ್ಟಿ ಮಾಡಿದರು. ಅದನ್ನು ಬರೆದಿಟ್ಟುಕೊಳ್ಳುವ ಕೆಲಸ ದೇವಯ್ಯನಿಗೆ ಬಿತ್ತು. ಒಂದು ಹೆಸರು ಒಬ್ಬರಿಗೇ. 'ಗ್ರಂಥ-ಒಂದು' ತನಗೇ ಬರುತ್ತದೆಂಬ ಭರವಸೆಯಲ್ಲಿ ಮೇಷ್ಟರೇ ಎದ್ದುನಿಂತು ಇನ್ನೊಂದು ನಿಯಮ ಹಾಕಿಸಿದರು: ಕೊಟ್ಟ ಹೆಸರನ್ನು, ಪಡೆದವನು ಕೆಲಸ ಬಿಟ್ಟರೂ ತೀರಿಕೊಂಡರೂ, ಇನ್ನೊಬ್ಬರಿಗೆ ಕೊಡತಕ್ಕದ್ದಲ್ಲ, ಏಕೆಂದರೆ ಹಳೆಯ ಫೈಲುಗಳು ಎಲ್ಲಾದರೂ ಉಳಿದೇ ಇರುತ್ತವೆ. ಎಲ್ಲರೂ ತಲೆದೂಗಿದರು. ಆಮೇಲೆ ಲೆಕ್ಕ ನೋಡಿದರೆ ದೇವಯ್ಯನದು ಅರವತ್ತು ಲೈಬ್ರರಿಯಲ್ಲಿತ್ತು, ಮೇಷ್ಟರದು ಇಪ್ಪತ್ತೆರಡರಲ್ಲಿ. ಕಡಿಮೆ ಇದ್ದ ಕಡೆ ಬದಲಾಯಿಸುವುದೇ ಸುಲಭ ಎಂದು ಇವರಿಗೆ 'ಗ್ರಂಥ-ಎರಡು' ಕೊಟ್ಟರು.

"ಮೊದಲು ಬರೆದೋನು ನಾನು, ನಾನು ಎರಡನೆಯೋನಾ?" ಎಂದು ಎದ್ದುಬಂದ ಮೇಷ್ಟರು ಹನ್ನೊಂದು ತಿಂಗಳಾದರೂ ಒಪ್ಪಿಗೆ ಕೊಟ್ಟಿರಲಿಲ್ಲ. ಈಗ ಆ ನಿಯಮ ಅವರಿಗೆ ಮರೆತಿತ್ತೆಂದಲ್ಲ. ನೆನಪಿಸಿಕೊಳ್ಳಲಿಲ್ಲ, ಅಷ್ಟೆ.

ದೇವಯ್ಯನ ಹುಟ್ಟೂರಾದ ಮೂಗೂರಿನಲ್ಲಿ ಮಣ್ಣಾಯಿತು. ಮೇಷ್ಟರು ತಲೆಗೆ ಟವೆಲು ಹಾಕಿಕೊಂಡು ಬೇವಿನ ಮರದ ಕೆಳಗೆ ನಿಂತು ಜನವನ್ನು ಎಣಿಸಿದರು. ಯಾಕೆ ಎಣಿಸುತ್ತಿದ್ದೇನೆಂದು ಅವರಿಗೇ ತಿಳಿಯಲಿಲ್ಲ. ಹಳ್ಳಿ ಲೈಬ್ರರಿಗಳ ಹೆಣ್ಣುಮಕ್ಕಳೇ ಮೂವತ್ತರ ಮೇಲಿದ್ದರು. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ?

ಅವರ ಮುಂದೆಯೇ ರಾಮಮ್ಮನೆಂಬ ಗ್ರಂಥಪಾಲಕಿ ಸೆರಗಿನಿಂದ ಕಣ್ಣೊರಸಿಕೊಂಡು ಪಕ್ಕದವಳಿಗೆ ಹೇಳುತ್ತಿದ್ದಳು: "ಕಂಪ್ಯೂಟ್ರು ಕೆಟ್ಟದೆ ಅಂದ್ರೆ ಸಾಕು ಕಣವ್ವ, ಬಸ್ಸತ್ಕಂಡು ಬಂದ್ಬುಡೋರು. ನಂಜನಗೂಡು ಮೇಷ್ಟ್ರಿಗೆ ಫೋನ್ ಮಾಡಿದ್ರೆ ಏನಂತಾರೆ ಗೊತ್ತಾ? 'ಎಲ್ಲಾ ಬರ್ದು ಕೊಟ್ಟಿದೀನಿ, ಓದ್ಕೊಳಿ' ಅಂತಾರೆ!"

ಅಳುವಿನ ನಡುವೆಯೇ ಇಬ್ಬರೂ ನಕ್ಕರು. ಮೇಷ್ಟರು ಟವೆಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

ಐದನೆಯ ದಿನ ಮತ್ತೆ ಹೊರಟು ನಿಂತಾಗ ಚನ್ನಾಜಮ್ಮ ಕೇಳಿದಳು: "ಇದ್ದಾಗ ಒಂದಿನಾನೂ ಆ ಮನೆ ಮೆಟ್ಲು ಅತ್ನಿಲ್ಲ. ಈಗ್ಯಾಕೆ?"

"ಹೆಸರಿನ ಪಟ್ಟಿ ಅವರ ಮನೇಲದೆ ಕಣೆ. ಯಾರಾದರೂ ನೋಡ್ಕೋಬೇಕಲ್ಲ."

"ಪಟ್ಟಿಗೆ ಓಯ್ತೀರೋ ಪಟ್ಟಕ್ಕೆ ಓಯ್ತೀರೋ?"

ಅವರು ಚಪ್ಪಲಿ ಮೆಟ್ಟಿದರು.

ತಿ. ನರಸೀಪುರದ ದೇವಯ್ಯನ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಅವನ ಫೋಟೋ ಇಟ್ಟು ಮೇಣದಬತ್ತಿ ಹಚ್ಚಿದ್ದರು. ಹೆಂಡತಿ ಮಾದಮ್ಮ ಚಾಪೆಯಿಂದ ಏಳಲಿಲ್ಲ.

"ಜೀವ ಇದ್ದಾಗ ಬರ್ಬೇಕಿತ್ತು ಮೇಷ್ಟ್ರೇ," ಎಂದಳು. "ಬೈಯೋಕಾದ್ರೂ ಬರ್ಬೇಕಿತ್ತು."

ಮಗಳು ಧನುಶ್ರೀ ಟೀ ಲೋಟದ ಜೊತೆಗೆ ನೀಲಿ ರಟ್ಟಿನ ಒಂದು ನೋಟ್‌ಬುಕ್ಕನ್ನೂ ತಂದು ಅವರ ಮುಂದಿಟ್ಟಳು. ಕೇಳುವುದು ಹೇಗೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ಮೇಷ್ಟರಿಗೆ ಆ ಮಾತೆಲ್ಲ ಬಾಯಲ್ಲೇ ಉಳಿಯಿತು.

"ಪ್ರಸಾದಣ್ಣ ಎಲ್ರತ್ರಾನೂ ಮಾತಾಡಿದ್ರು ಸಾರ್. ಹಿರಿಯರು ನೀವೇ, ಇನ್ಮೇಲೆ ಪಟ್ಟಿ ನಿಮ್ಮತ್ರಾನೇ ಇರ್ಬೇಕಂತೆ. ಆಮೇಲೆ..." ಹುಡುಗಿ ತಾಯಿಯ ಕಡೆ ನೋಡಿ ಮುಂದುವರಿಸಿದಳು. "ಒಂದನೇ ಹೆಸರೂ ನೀವೇ ತಗೊಳ್ಳಿ. ಅಪ್ಪನೇ ಇಲ್ಲ ಅಂದ್ಮೇಲೆ ನಮಗ್ಯಾತರ ಹಠ? ಅರವತ್ತು ಕಡೆಯ ಫೈಲೂ ನಾನೇ ಓಡಾಡಿ ಬದಲಾಯಿಸಿಕೊಡ್ತೀನಿ."

ಹನ್ನೊಂದು ತಿಂಗಳು ಮೇಷ್ಟರ ನಿದ್ದೆ ಕೆಡಿಸಿದ್ದ ವಸ್ತು ಟೀ ಲೋಟದ ಪಕ್ಕದಲ್ಲಿ ಬಂದು ಕೂತಿತ್ತು.

ನೋಟ್‌ಬುಕ್ಕು ತೆರೆದರು. ಮುತ್ತು ಪೋಣಿಸಿದಂಥ ಅಕ್ಷರ. ಆ ಅಕ್ಷರದ ಮೇಲೂ ಅವರಿಗೆ ಹೊಟ್ಟೆ ಉರಿಯಿತು. ಮೊದಲ ಪುಟದಲ್ಲಿ ನಿಯಮಗಳು. ಕೊನೆಯದು ಅವರದೇ: ಕೊಟ್ಟ ಹೆಸರನ್ನು ಇನ್ನೊಬ್ಬರಿಗೆ ಕೊಡತಕ್ಕದ್ದಲ್ಲ. ಅದರ ಮುಂದೆ 'ಸೂಚಿಸಿದವರು: ಶ್ರೀ ಶಿವಸ್ವಾಮಿ ಮೇಷ್ಟರು' ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಮುಂದಿನ ಪುಟದಲ್ಲಿ ಹೆಸರುಗಳು. ಎಲ್ಲವೂ ನೀಲಿ ಶಾಯಿಯಲ್ಲಿದ್ದವು. 'ಗ್ರಂಥ-ಎರಡು: ಶಿವಸ್ವಾಮಿ' ಎಂಬ ಒಂದು ಸಾಲು ಮಾತ್ರ ಪೆನ್ಸಿಲಿನಲ್ಲಿತ್ತು. ಮಾಸಿದಂತೆಲ್ಲ ಮತ್ತೆ ಮತ್ತೆ ತಿದ್ದಿ ಕಾಗದ ಅಲ್ಲಿ ತಗ್ಗಾಗಿತ್ತು.

"ಇದು ಯಾಕೆ ಹೀಗೆ?"

"ನೀವು ಒಪ್ಪೋಗಂಟ ಶಾಯೀಲಿ ಬರೀಬಾರದು ಅಂತಿದ್ರು ಸಾರ್. ಅಳಿಸೋಗ್ಲೂಬಾರದು ಅಂತ ತಿಂಗಳಿಗೊಂದ್ಸಲ ತಿದ್ದೋರು."

ಮಾದಮ್ಮ ಗೋಡೆ ನೋಡುತ್ತ ಹೇಳಿದಳು: "ನಿಮ್ಮ ಎಸ್ರ ಅಷ್ಟು ಸಲ ಬರ್ದವ್ರು ನಿಮ್ಮನೇಲೂ ಇರಾಕಿಲ್ಲ."

ಟೀ ಮೇಲೆ ಕೆನೆ ಕಟ್ಟಿತು. ಬೇಕು ಎನ್ನುವ ಮಾತು ಮೇಷ್ಟರ ನಾಲಿಗೆಯ ತುದಿಯಲ್ಲೇ ಇತ್ತು, ಈಗಲೂ ಇತ್ತು.

"ಪೆನ್ನು ಕೊಡು ಮಗಾ," ಎಂದರು ಕೊನೆಗೆ.

ಧನುಶ್ರೀ ಅಪ್ಪನ ಪೆನ್ನನ್ನೇ ತಂದುಕೊಟ್ಟಳು. ಅವರು ಒಂದನೆಯ ಸಾಲನ್ನು ಮುಟ್ಟಲಿಲ್ಲ. ಎರಡನೆಯ ಸಾಲಿನ ಪೆನ್ಸಿಲ್ ಗುರುತಿನ ಮೇಲೆ ನಿಧಾನವಾಗಿ ಶಾಯಿ ಎಳೆದರು. 'ಸ್ವಾ' ಗೆರೆ ದಾಟಿತು. ಪಕ್ಕದಲ್ಲಿ 'ಒಪ್ಪಿದೆ' ಎಂದು ಬರೆದು ತಾರೀಕು ಹಾಕಿದರು.

"ನಿಯಮ ನಿಯಮವೇ. ನಿಮ್ಮಪ್ಪನ ಫೈಲು ನನ್ನದರಲ್ಲಿ ತೆರೆಯೋ ಹಾಗೆ ನಾನು ಮಾಡಿಕೊಡ್ತೀನಿ. ನೀನು ಎಲ್ಲೂ ಓಡಾಡಬೇಕಾಗಿಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಷ್ಟರು ನೋಟ್‌ಬುಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಸಂಗಮಕ್ಕೆ ಇಳಿದರು. ತಮ್ಮೂರು ನಂಜನಗೂಡಿನ ಗುಡಿಯ ಪಕ್ಕ ಹರಿದುಬರುವ ಕಪಿಲೆ ಇಲ್ಲಿ ಕಾವೇರಿಗೆ ಸೇರುತ್ತದೆ. ಇಲ್ಲಿಂದ ಮುಂದೆ ಅದನ್ನು ಯಾರೂ ಕಪಿಲೆ ಎನ್ನುವುದಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಕೂತು ನೀರಿನಲ್ಲಿ ಕಾಲಿಟ್ಟರು. ಬೊಗಸೆಯಲ್ಲಿ ನೀರು ತುಂಬಿಕೊಂಡು ಕಣ್ಣು ಮುಚ್ಚಿದರು.

"ಅಪ್ಪಾ ನಂಜುಂಡಸ್ವಾಮಿ, ಅವನು ನಿನ್ನ ಗುಡಿಗೆ ಬಂದವನಲ್ಲ. ನಾನು ದಿನಾ ಬಂದೆ, ಬಂದು ಏನು ಬೇಡಿದೆ ಅನ್ನೋದು ನಿನಗೆ ಗೊತ್ತು. ಅದನ್ನು ಮರೆತುಬಿಡು. ದೇವಯ್ಯನ ಜೀವ ಎಲ್ಲಿದ್ದರೂ ತಣ್ಣಗಿರಲಿ."

ಬೆರಳ ಸಂದಿಯಿಂದ ನೀರು ಸೋರಿ ನದಿಗೆ ಬಿತ್ತು. ಅವರು ಮತ್ತೆ ಬೊಗಸೆ ತುಂಬಿಕೊಂಡು ಮೊದಲಿನಿಂದ ಬೇಡಿದರು.

"ತಣ್ಣಗಿರಲಿ."