ಬಂಕಿನ ತನಕದ ಸವಾರಿ

ಖಾಲಿ ಕಾರಿಗೆ ಪೆಟ್ರೋಲ್ ಹಾಕಿಸಬಾರದು ಎಂಬುದು ಪಾಲಾಕ್ಷಪ್ಪನ ನೇಮ. ಹಿಂದಿನ ಸೀಟಿನಲ್ಲಿ ಯಾರಾದರೂ ಒಬ್ಬರು ಕೂತಿರಬೇಕು, ಆಮೇಲೇ ಟ್ಯಾಂಕಿಯ ಮುಚ್ಚಳ ಬಿಚ್ಚಬೇಕು. ಬಾಡಿಗೆಗೆ ಬಿಡಲೆಂದು ಹಳೆಯ ಅಂಬಾಸಿಡರ್ ಕೊಂಡ ಹೊಸದರಲ್ಲಿ, ಹುಮ್ಮಸ್ಸಿನ ಮೇಲೆ ಒಬ್ಬನೇ ಹೋಗಿ ಟ್ಯಾಂಕಿ ತುಂಬಿಸಿಕೊಂಡು ಬಂದಿದ್ದ. ಅದೇ ಮಧ್ಯಾಹ್ನ ಸಿಕ್ಕ ಬಾಡಿಗೆ ಬಳ್ಳಾರಿಯಿಂದ ತನ್ನೂರು ಕೊಟ್ಟೂರಿಗೆ ತರಬೇಕಾದ ಒಂದು ಹೆಣ. ಖಾಲಿ ಸೀಟಿಗೆ ಪೆಟ್ರೋಲ್ ಕುಡಿಸಿದರೆ ಹೆಣ ಬಂದು ಕೂಡುತ್ತದೆ ಎಂದು ಅವನ ಮನಸ್ಸಿನಲ್ಲಿ ಬೇರೂರಿಬಿಟ್ಟಿತು. ಯಾರು ಏನಂದರೂ ಅದು ಅಲುಗಲಿಲ್ಲ.

ಹಾಗಾಗಿ ಕೂರುವ ಕೆಲಸ ಹೆಂಡತಿ ಕಲ್ಯಾಣಮ್ಮನದಾಯಿತು. ಗಂಡ ಹಾರ್ನ್ ಒತ್ತಿದನೆಂದರೆ ಅವಳು ಒಲೆಯ ಮೇಲಿನದನ್ನು ಇಳಿಸಿ, ಮುಖ ತೊಳೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಹಿಂದೆ ಕೂರುತ್ತಿದ್ದಳು. ಊರ ಹೊರಗಿನ ಬಂಕಿನ ತನಕ ಸವಾರಿ. ಪೆಟ್ರೋಲ್ ಹಾಕಿಸಿದ ಮೇಲೆ ಅವಳು ಅಲ್ಲೇ ಇಳಿಯಬೇಕು. ಅವನು ಬಾಡಿಗೆಗೆ ಹೋಗುತ್ತಾನೆ, ಇವಳು ನಡೆದು ಮನೆಗೆ ಬರುತ್ತಾಳೆ. ಸ್ವಂತ ಕಾರಿನಲ್ಲಿ ಅವಳು ಕಂಡ ದೇಶ ಅಷ್ಟೇ.

"ಏನವಾ ಕಲ್ಯಾಣಿ, ಇವತ್ತು ಯಾವೂರಿಗೆ ಹೋಗಿದ್ರಿ ಗಂಡ ಹೆಂಡ್ತಿ?" ಎಂದು ನೆರೆಮನೆಯ ಕೊಟ್ರಮ್ಮ ಕಟ್ಟೆಯ ಮೇಲಿಂದ ಕೇಳುವಳು.

"ಬಂಕಿಗೆ ಹೋಗಿದ್ವೆವ್ವಾ. ದರ್ಶನ ಚಲೋ ಆತು."

"ಪ್ರಸಾದ ತರಲಿಲ್ಲೇನು?"

"ಸೆರಗು ಮೂಸಿ ನೋಡು, ಬಂದೈತಿ."

ಬಂಕಿನ ಓಬಣ್ಣನಿಗೆ ಇವೆಲ್ಲ ಹೊಸದಲ್ಲ. ಅವನ ಹತ್ತಿರ ಬರುವವರಲ್ಲಿ ನೇಮವಿಲ್ಲದವರೇ ಕಡಿಮೆ. ಶೇಂಗಾ ಮಂಡಿಯ ಸಾಹುಕಾರರು ತಮ್ಮ ಸ್ಕೂಟರಿಗೆ ಹಾಕಿಸುವಾಗ ಪಂಪಿನ ಮುಳ್ಳು ತಿರುಗಿ ನಿಲ್ಲುವ ತನಕ ಬಾಯಲ್ಲಿನ ಎಲೆಯಡಿಕೆ ಉಗುಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಜೀಪಿನ ಮಂಜಣ್ಣ ಗಾಡಿಯನ್ನು ಹಿಡಿದು ಅಲ್ಲಾಡಿಸಿ, "ಇನ್ನೊಂದೀಟು ಹಿಡೀತೈತಿ ಹಾಕಲೇ" ಅನ್ನುವವನು. ಪೈಪಿನ ತುದಿಯಲ್ಲಿ ನಿಂತ ಕೊನೆಯ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೀಸೆಗೆ ಸವರಿಕೊಳ್ಳುವನು. "ಎಲ್ಲಾರ ಹುಚ್ಚೂ ನೋಡೀನಿ ಯಕ್ಕ. ನಿನ್ನ ಗಂಡಂದು ಪಾಪದ ಹುಚ್ಚು" ಎನ್ನುತ್ತಿದ್ದ ಓಬಣ್ಣ.

ಆ ವರ್ಷ ಶ್ರಾವಣದಲ್ಲಿ ಹೂವಿನಹಡಗಲಿಯಿಂದ ಸುದ್ದಿ ಬಂತು. ಕಲ್ಯಾಣಮ್ಮನ ಅಕ್ಕ ಗಾಳೆಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೈದುನ ದುರುಗಣ್ಣನ ಮನೆಯ ಹಿತ್ತಲ ಕೋಣೆಯಲ್ಲಿದ್ದಳು. ಕಲ್ಯಾಣಮ್ಮ ಬಸ್ಸಿನಲ್ಲಿ ಹೋಗಿ ನೋಡಿ ಬಂದಳು. ಆ ಮನೆಯವರು ಕೆಟ್ಟವರಲ್ಲ. ಆದರೆ ಬೆಳಕು ಹರಿಯುವ ಮೊದಲೇ ಮಲ್ಲಿಗೆ ತೋಟಕ್ಕೆ ಹೋಗಬೇಕು, ಬಿಡಿಸಿದ ಹೂವನ್ನು ಬಸ್ಸಿಗೆ ಹಾಕಬೇಕು. ಮಲಗಿದವಳನ್ನು ಮಗ್ಗುಲು ಬದಲಿಸಿ ಮಲಗಿಸುವವರು ಯಾರು? ಬೆನ್ನಿನಲ್ಲಿ ಹುಣ್ಣಾಗಿತ್ತು.

"ನನ್ನ ನಿಮ್ಮ ಮನಿಗೆ ಕರಕೊಂಡು ಹೋಗವಾ," ಎಂದಳು ಗಾಳೆಮ್ಮ, ಸೊಟ್ಟಗಾದ ಬಾಯಲ್ಲಿ. "ಯಾರರ ಒಬ್ರು ಮಗ್ಗುಲು ತಿರುವಿದ್ರ ಸಾಕು."

"ಕಾರು ತರ್ತೀನಿ ಅಕ್ಕ. ಹಿಂದಿನ ಸೀಟಿನಾಗ ಉದ್ದಕ ಮಲಗಿಸಿಕೊಂಡು ಹೋಗ್ತೀನಿ."

ಬಸ್ಸಿನಲ್ಲಿ ಅವಳನ್ನು ಕೂರಿಸುವಂತಿರಲಿಲ್ಲ. ಕಾರೇ ಬೇಕಿತ್ತು.

ಪಾಲಾಕ್ಷಪ್ಪ ಇಲ್ಲ ಅನ್ನಲಿಲ್ಲ. ಒಂದು ದಿನ ಬೆಳಿಗ್ಗೆ ಕಲ್ಯಾಣಮ್ಮ ಹಳೆಯ ಸೀರೆಗಳ ಕೌದಿಯನ್ನು ಗಂಟು ಕಟ್ಟಿಕೊಂಡು ಕಾರು ಹತ್ತಿದಳು. ಆದರೆ ಪಾಲಾಕ್ಷಪ್ಪನ ಕಾರಿನಲ್ಲಿ ಪೆಟ್ರೋಲ್ ಇರುವುದು ಬಂಕಿನಿಂದ ಹೊರಟಾಗ ಮಾತ್ರ ಎಂಬುದು ಊರಿಗೆಲ್ಲ ಗೊತ್ತು. ಕಾರು ಬೇಕಾದವರು ಬಂದು ಬಂಕಿನಲ್ಲೇ ಕಾಯುತ್ತಿದ್ದರು. ಅಂದು ಮಂಡಿ ಸಾಹುಕಾರರು ಹರಪನಹಳ್ಳಿಗೆ ಹೋಗಬೇಕೆಂದು ನಿಂತಿದ್ದರು.

"ಬಂಕಿನಾಗ ಎದುರಾದ ಗಿರಾಕಿನ ಬಿಡಬಾರದು ಲೇ. ಹಡಗಲಿ ಎಲ್ಲಿಗೆ ಓಡಿ ಹೋಗ್ತೈತಿ? ನಾಡ್ದು ಹೋಗಾಣ" ಎಂದ ಗಂಡ.

ಅವಳು ಇಳಿದಳು. ಇನ್ನೊಮ್ಮೆ ಹೊರಟಾಗ ಕೂಡ್ಲಿಗಿಯ ಮದುವೆಗೆ ಹೋಗುವ ಬೀಗರು ಸಿಕ್ಕರು. ಮತ್ತೆ ಇಳಿದಳು. ಕೌದಿಯ ಗಂಟನ್ನು ಸೊಂಟದ ಮೇಲಿಟ್ಟುಕೊಂಡು ನಡೆಯುವಾಗ ಓಬಣ್ಣ ಕೂಗಿದ: "ಇಲ್ಲೇ ಇಟ್ಟು ಹೋಗಕ್ಕ, ಹೆಂಗೂ ನಾಳಿ ಬರ್ತಿ."

"ಬ್ಯಾಡಪ್ಪ, ಪೆಟ್ರೋಲ್ ನಾತ ಹಿಡಿದ್ರ ಅಕ್ಕಗ ನಿದ್ದಿ ಬರಂಗಿಲ್ಲ."

ಓಣಿಯಲ್ಲಿ ಕೊಟ್ರಮ್ಮ ಆ ಗಂಟನ್ನು ನೋಡಿದಳು. ಅಂದಿನಿಂದ ಅವಳು ತಮಾಷೆ ಮಾಡುವುದನ್ನು ಬಿಟ್ಟಳು.

ದೀಪಾವಳಿ ಕಳೆಯಿತು. ಹಡಗಲಿಯಿಂದ ಬಂದವರು ಗಾಳೆಮ್ಮನ ಹುಣ್ಣು ದೊಡ್ಡದಾಗಿದೆ, ಅನ್ನ ಸೇರುತ್ತಿಲ್ಲ ಎಂದರು. ಕಲ್ಯಾಣಮ್ಮ ಅಂದು ಕಾರು ಹತ್ತುವ ಮೊದಲೇ ಹೇಳಿದಳು:

"ಇವತ್ತು ರಾಜ ಬಂದ್ರೂ ನಾ ಇಳಿಯಾಕಿಲ್ಲ ನೋಡ್ರಿ."

"ಇಳಿಬ್ಯಾಡ ಬಿಡು," ಎಂದ ಪಾಲಾಕ್ಷಪ್ಪ. ಅವನ ದನಿಯಲ್ಲಿ ನಾಚಿಕೆಯಿತ್ತು.

ಬಂಕಿನಲ್ಲಿ ಕರೆಂಟು ಹೋಗಿತ್ತು. ಓಬಣ್ಣ ಪಂಪಿನ ಹಿಡಿಕೆಯನ್ನು ಕೈಯಿಂದಲೇ ತಿರುಗಿಸುತ್ತ ಏದುಸಿರು ಬಿಡುತ್ತಿದ್ದ. ಪೆಟ್ರೋಲ್ ಬಿದ್ದಾಯಿತು. ಮುಚ್ಚಳ ಹಾಕುವಷ್ಟರಲ್ಲಿ ಹಳ್ಳಿ ಕಡೆಯಿಂದ ಒಂದು ಎತ್ತಿನ ಗಾಡಿ ಓಡೋಡಿ ಬಂದು ನಿಂತಿತು. ನಡುವಯಸ್ಸಿನ ಒಬ್ಬ ಹೆಂಗಸು ಗಾಡಿಯಿಂದ ಜಿಗಿದು ಕಾರಿನ ಬಾಗಿಲು ಹಿಡಿದಳು.

"ಯಣ್ಣಾ, ನನ್ನ ಮಗಳು ನಿನ್ನೆಯಿಂದ ನೋವು ತಿಂತಾಳ. ಕೂಸು ಅಡ್ಡ ಆಗೈತಂತ. ದಾವಣಗೇರಿಗೆ ಒಯ್ರಿ ಅಂತ ನರ್ಸಮ್ಮ ಅಂದಾಳ. ಮಂಜಣ್ಣನ ಜೀಪು ಎಲ್ಲಿಗೋ ಹೋಗೈತಂತ, ಇನ್ಯಾವ ಕಾರೂ ಇಲ್ಲಂತ ಊರಾಗ."

ಪಾಲಾಕ್ಷಪ್ಪ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, "ಇವತ್ತು ಕಾರು ಖಾಲಿ ಇಲ್ಲವ್ವಾ. ನಮ್ಮ ಮನಿಯಾಕಿದು ಕೆಲಸ ಐತಿ" ಎಂದ.

ಅವನನ್ನು ಕಟ್ಟಿಕೊಂಡಾಗಿನಿಂದ ಈ ಒಂದು ಮಾತಿಗಾಗಿ ಅವಳು ಕಾದಿದ್ದಳು. ಅದು ಈಗ ಬಂತು. ಗಾಡಿಯೊಳಗಿಂದ ಹುಡುಗಿಯ ಸದ್ದು ಕೇಳಿಸಿತು. ಅದು ಚೀರಾಟವಾಗಿರಲಿಲ್ಲ, ಚೀರುವ ಶಕ್ತಿ ಮುಗಿದ ಮೇಲೆ ಉಳಿಯುವ ಸದ್ದು. ಕಲ್ಯಾಣಮ್ಮ ಕಣ್ಣು ಮುಚ್ಚಿದರೆ ಸೊಟ್ಟ ಬಾಯಿಯ ಅಕ್ಕ ಕಾಣಿಸಿದಳು. ಕಣ್ಣು ತೆರೆದರೆ ಈ ಹುಡುಗಿಯ ಕಾಲು ಕಾಣಿಸಿತು. ಅವಳು ಬಾಗಿಲು ತೆಗೆದಳು.

"ಇಳೀಬ್ಯಾಡಲೇ. ನಾ ಇಲ್ಲ ಅಂದೀನಲ್ಲ!"

"ನೀವು ಅಂದ್ರಿ. ನನಗ ಅನ್ನಾಕ ಬರವಲ್ದು."

ಅಕ್ಕನಿಗಾಗಿ ಒಗೆದು ಒಣಗಿಸಿದ್ದ ಕೌದಿಯನ್ನು ತಾನೇ ಸೀಟಿನ ಮೇಲೆ ಹಾಸಿದಳು. ಹುಡುಗಿಯನ್ನು ಎತ್ತಿ ಮಲಗಿಸುವಾಗ ತಲೆಯ ಕಡೆ ತಾನು ಹಿಡಿದಳು. ಕಾರು ಹೋಯಿತು. ಆ ದಿನ ಕೈಯಲ್ಲಿ ಗಂಟಿಲ್ಲದೆ ನಡೆದು ಬಂದಳು.

ಮರುದಿನ ಪಾಲಾಕ್ಷಪ್ಪ ಬಂದು ಕಟ್ಟೆಯ ಮೇಲೆ ಕುಕ್ಕರಿಸಿದ. "ತಾಯಿ ಉಳದ್ಲು. ಕೂಸು ಉಳೀಲಿಲ್ಲ." ಹಿಂದಿನ ಸೀಟಿನ ಒಳಗಿನ ನಾರಿನ ತನಕ ರಕ್ತ ಇಳಿದಿತ್ತು. ಅದನ್ನು ಬಿಚ್ಚಿ ತೊಳೆದು ಬಿಸಿಲಿಗೆ ಇಟ್ಟರು. ಒಣಗಿದ ಕೂಡಲೇ ಹಡಗಲಿಗೆ ಹೋಗುವುದೆಂದು ಮಾತಾಯಿತು.

ಸೀಟು ಒಣಗುವ ಮೊದಲೇ ಹಡಗಲಿಯಿಂದ ಹೂವಿನ ಬುಟ್ಟಿ ಇಳಿಸಲು ಬಂದವನು ಬಸ್ ನಿಲ್ದಾಣದಲ್ಲಿ ಸುದ್ದಿ ಹೇಳಿ ಹೋದ. ಗಾಳೆಮ್ಮ ಹೋಗಿಬಿಟ್ಟಿದ್ದಳು.

ಪಾಲಾಕ್ಷಪ್ಪ ಹಸಿ ಸೀಟನ್ನೇ ಕೂರಿಸಿ, ಅದರ ಮೇಲೆ ಗೋಣಿಚೀಲ ಹಾಸಿ ಕರೆದ. "ಬಾ, ಕೂಡು. ಪೆಟ್ರೋಲ್ ಹಾಕಿಸಿಕೊಂಡು ಹಂಗ ಹೋಗಿಬಿಡಾಣ. ಯಾರು ಅಡ್ಡ ಬಂದ್ರೂ ನಿಲ್ಲಸಂಗಿಲ್ಲ."

"ಕಾರು ಬೇಕಾಗಿದ್ದು ಅಕ್ಕಗ ಮಲಗಾಕ," ಎಂದಳು ಕಲ್ಯಾಣಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗ ಬಸ್ಸಿನಾಗ ಕುಂತು ಹೋಗಾಕ ಬರ್ತೈತಿ."

ಅವಳು ಹಡಗಲಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹಿತ್ತಲ ಕೋಣೆಯನ್ನು ಸಗಣಿಯಿಂದ ಸಾರಿಸಿ, ಖಾಲಿ ಹೂಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಓಣಿಯ ಮುದುಕಿ ಸುಂಕಮ್ಮ ಕೋಲೂರಿಕೊಂಡು ಬಂದಳು. ಕಲ್ಯಾಣಮ್ಮನ ಹಿಂದೆ ಮುಂದೆ ನೋಡಿ ಕೇಳಿದಳು:

"ಕಾರು ಎಲ್ಲಿ ನಿಲ್ಲಿಸಿದ್ರವಾ?"

ಮುದುಕಿ ಉತ್ತರಕ್ಕೆ ಕಾಯದೆ ಓಣಿಯ ಕಡೆ ಕೋಲು ತೋರಿಸಿದಳು.

"ದಿನಾ ಹೇಳ್ತಿದ್ಲು. ನನ್ನ ತಂಗಿ ಕಾರು ತರ್ತಾಳ, ಓಣ್ಯಾಗಿನ ಕಲ್ಲು ತಗೀರಿ, ಇಲ್ಲಂದ್ರ ಕಾರು ಬಾಗಲಕ ಬರಂಗಿಲ್ಲ ಅಂತ. ಅಕಿ ಕಾಟ ತಡೀಲಾರದ ದುರುಗಣ್ಣ ಎಲ್ಲಾ ಕಿತ್ತು ಹಾಕಿದ ನೋಡು."

ಗೋಡೆಯ ಬದಿಗೆ ಚಪ್ಪಡಿ ಕಲ್ಲುಗಳು ರಾಶಿ ಬಿದ್ದಿದ್ದವು. ಓಣಿ ಒಂದು ಕಾರು ಬರುವಷ್ಟು ಅಗಲವಾಗಿತ್ತು. ಕಲ್ಯಾಣಮ್ಮ ಆ ಕಲ್ಲುಗಳ ಮೇಲೆ ಹೋಗಿ ಕೂತಳು. ಒಳಗೆ ಬರ್ರಿ ಎಂದು ದುರುಗಣ್ಣ ಕರೆದರೂ ಏಳಲಿಲ್ಲ.