ಐದು ಗಂಟೆಯ ರೈಲು

ಕರಡಿ ಒಗೆಯುವುದು ಎಲ್ಲಕ್ಕಿಂತ ಕಷ್ಟ. ಒಣಗಿದ್ದಾಗ ಒಂದು ಕೈಯಲ್ಲಿ ಎತ್ತಬಹುದು. ನೀರು ಕುಡಿದ ಮೇಲೆ ಇಬ್ಬರು ಹಿಡಿದರೂ ತೊಟ್ಟಿಯಿಂದ ಮೇಲೇಳುವುದಿಲ್ಲ. ದಿನವಿಡೀ ಅದರೊಳಗೆ ಕುಣಿದವನ ಬೆವರು ಸ್ಪಂಜಿನಲ್ಲಿ ಇಳಿದು ಕೂತಿರುತ್ತದೆ. ಮೂರು ಸಲ ನೀರು ಬದಲಿಸಿದರೂ ವಾಸನೆ ಬಿಡುವುದಿಲ್ಲ.

ಡಿಸೆಂಬರ್ ಬಂತೆಂದರೆ ಕರಡಿಯ ಜೊತೆಗೆ ಕೊಂಬಿನ ಜಿಂಕೆಗಳು ಹನ್ನೆರಡು, ರೆಕ್ಕೆಯ ದೇವದೂತೆಯರು ಎಂಟು, ಮೇಲೊಬ್ಬ ಕ್ರಿಸ್ಮಸ್ ತಾತ. ಎಲ್ಲರ ವೇಷವೂ ಬೆಳಿಗ್ಗೆ ತೊಟ್ಟಿಗೆ ಬಿದ್ದು, ಮಧ್ಯಾಹ್ನ ಒಣಗಿ, ಮೂರು ಗಂಟೆಯ ಮೆರವಣಿಗೆಗೆ ಇಸ್ತ್ರಿಯಾಗಿ ನಿಲ್ಲಬೇಕು. ಇದನ್ನು ಮಾಡುತ್ತಿದ್ದವರು ಇಬ್ಬರು ಹೆಂಗಸರು. ಒಬ್ಬಳು ದೊಡ್ಡಕ್ಕ. ಇನ್ನೊಬ್ಬಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರೂ ಕರೆಯುತ್ತಿದ್ದುದು ಸೋಪಕ್ಕ ಎಂದು.

ಸೋಪಕ್ಕ ಆ ಥೀಮ್ ಪಾರ್ಕಿನಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ಪಾರ್ಕನ್ನು ನೋಡಿರಲಿಲ್ಲ. ಕೆಲಸದವರಿಗೆ ಹಿಂದಿನ ಗೇಟು. ಕಸದ ಲಾರಿ, ಐಸ್‌ಕ್ರೀಮಿನ ವ್ಯಾನು, ಕೆಲಸದವರು, ಎಲ್ಲರಿಗೂ ಅದೇ ದಾರಿ. ಬಟ್ಟೆ ಒಗೆಯುವ ಕೋಣೆಯ ತಗಡಿನ ಮೇಲೆ ದಿನಕ್ಕೆ ನೂರು ಸಲ ಜನ ಕಿರುಚಿಕೊಂಡು ಹಾದುಹೋಗುತ್ತಿದ್ದರು. ಅವರು ಯಾವುದರ ಮೇಲೆ ಕೂತು ಕಿರುಚುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ವೇಷ ಹಾಕಿದವರು, ಆಟ ನಡೆಸುವವರು ಬಿಟ್ಟರೆ ಹಿಂಬದಿಯ ಕೆಲಸದವರು ಯಾರೂ ನಡುವಿನ ಹಸಿರು ಬೇಲಿ ದಾಟುವ ಹಾಗಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಆಫೀಸಿನ ಹುಡುಗಿಯೊಬ್ಬಳು ಕೈಯಲ್ಲಿ ಮೈಕು ಹಿಡಿದು ಊಟದ ಶೆಡ್ಡಿಗೆ ಬಂದಳು. ಮೂವತ್ತು ಜನಕ್ಕೆ ಮೈಕು ಬೇಕಿರಲಿಲ್ಲ. ಆದರೂ ಅದರಲ್ಲೇ ಮಾತಾಡಿದಳು.

"ಈ ಸಲ ಕ್ರಿಸ್ಮಸ್ ಉತ್ಸವ ನಿಮ್ಮಿಂದಲೇ ಶುರು. ಭಾನುವಾರ ಕುಟುಂಬ ದಿನ. ಒಬ್ಬೊಬ್ಬರು ಮನೆಯವರನ್ನ ಕರ್ಕೊಂಡು ಬನ್ನಿ. ಮುಂದಿನ ಗೇಟಿಂದಲೇ ಬನ್ನಿ. ಒಳ್ಳೇ ಬಟ್ಟೆ ಹಾಕ್ಕೊಂಡು ಬನ್ನಿ. ಅವತ್ತು ನೀವು ಕೆಲಸದವರಲ್ಲ, ಅತಿಥಿಗಳು."

"ರಜೆ ಹಾಕ್ಬೇಕಾ ಮೇಡಂ?" ದೊಡ್ಡಕ್ಕ ಕೇಳಿದಳು.

"ನಿಮ್ಮ ವಾರದ ರಜೆ ಅವತ್ತಿಗೆ ಬರುತ್ತೆ, ಅಷ್ಟೇ."

ಅಷ್ಟೇ ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಮುಂದಿನ ಗೇಟು ಎಂಬ ಮಾತೇ ಎಲ್ಲರ ಕಿವಿ ತುಂಬಿತ್ತು.

ಸೋಪಕ್ಕನ ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮನೆಯಲ್ಲಿದ್ದವರು ಅತ್ತೆ ಮತ್ತು ಒಂಬತ್ತು ವರ್ಷದ ಮಗಳು ಪುಟ್ಟಿ. ಸುದ್ದಿ ಕೇಳಿ ಪುಟ್ಟಿ ಅಕ್ಕಪಕ್ಕದ ಮನೆಗೆಲ್ಲ ಹೇಳಿಬರಲು ಓಡಿದಳು. ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು.

"ನಾನೂ ಬರ್ತೀನಿ ಕಣೆ," ಎಂದರು.

"ಅಷ್ಟು ದೂರ ನಡೀತೀರಾ ಅತ್ತೆ?"

"ಆ ಗುಡ್ಡ ನೋಡ್ಬೇಕು."

ಪಾರ್ಕಿನ ನಡುವೆ ಒಂದು ಗುಡ್ಡವಿತ್ತು. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಚಪ್ಪಟೆ ನೆಲ. ಅತ್ತೆ ಮತ್ತವರ ಜೊತೆಯವರು ಹದಿನಾಲ್ಕು ತಿಂಗಳು ಮಣ್ಣು ಹೊತ್ತು ಅದನ್ನು ಎಬ್ಬಿಸಿದ್ದರು. ಮುಗಿದ ದಿನ ಪಾರ್ಕಿನವರು ಬುಟ್ಟಿ ಕಸಿದುಕೊಂಡು ಅವರನ್ನು ಹೊರಗೆ ಕಳಿಸಿದ್ದರು. ಈಗ ಅದರ ಹೊಟ್ಟೆಯೊಳಗೆ ಒಂದು ಪುಟ್ಟ ರೈಲು ಹೊಕ್ಕು, ಸುತ್ತಿ ಸುತ್ತಿ ಏರಿ, ತುದಿಯಲ್ಲಿ ಹೊರಬರುತ್ತದೆಯಂತೆ. ಡಿಸೆಂಬರಿನಲ್ಲಿ ಗುಡ್ಡಕ್ಕೆ ಬಿಳಿ ಬಟ್ಟೆ ಹೊದಿಸಿ ಹಿಮದ ಬೆಟ್ಟ ಅನ್ನುತ್ತಾರಂತೆ.

"ಅದು ನನ್ನ ತಲೆ ಮೇಲಿಂದ ಇಳಿದ ಮಣ್ಣು," ಅತ್ತೆ ಹೇಳಿದರು. "ಮೇಲೆ ನಿಂತು ಹೇಗೆ ಕಾಣುತ್ತೆ ಅಂತ ಒಂದು ದಿನ ನೋಡ್ಬೇಕು. ಆಮೇಲೆ ಈ ಮಂಡಿ ಹಾಳಾಗಿ ಹೋಗ್ಲಿ."

ಭಾನುವಾರ ಹತ್ತು ಗಂಟೆಗೆ ಮುಂದಿನ ಗೇಟಿನಲ್ಲಿ ಇಬ್ಬರು ಹುಡುಗಿಯರು ಎಲ್ಲರ ಕೈಗೂ ಹಳದಿ ಪಟ್ಟಿ ಕಟ್ಟಿದರು. ಟಿಕೆಟ್ಟು ಕೊಂಡು ಬಂದವರಿಗೆ ಹಸಿರು ಪಟ್ಟಿ, ಅವರನ್ನು ಎರಡು ಗಂಟೆಯ ಮೇಲೆ ಬಿಡುತ್ತಾರೆ ಎಂದರು. ಪುಟ್ಟಿ ತನ್ನ ಪಟ್ಟಿಯನ್ನು ಹತ್ತು ಸಲ ತಿರುಗಿಸಿ ನೋಡಿಕೊಂಡಳು. ಅತ್ತೆ ಗೇಟಿನ ಕಂಬ ಮುಟ್ಟಿ, "ಇದು ಆಗ ಇರ್ಲಿಲ್ಲ," ಎಂದರು.

ಒಳಗೆ ರಸ್ತೆಯ ಎರಡೂ ಬದಿಗೆ ಹಗ್ಗ ಕಟ್ಟಿದ್ದರು. ಮೂವತ್ತು ಸಂಸಾರಗಳನ್ನು ಅದರ ಹಿಂದೆ ಸಾಲಾಗಿ ನಿಲ್ಲಿಸಿದರು. ಬಿಸಿಲು ನೆತ್ತಿಗೆ ಬರುತ್ತಿತ್ತು. ಎಲ್ಲಿಂದಲೋ ಗಂಟೆಯ ಹಾಡು ಕೇಳಿತು. ಕಂಬಗಳ ಮೇಲಿನ ಯಂತ್ರಗಳು ಹಿಮ ಉಗುಳಿದವು. ಮಕ್ಕಳು ಕೈ ಚಾಚಿದರು. ಸೋಪಕ್ಕನ ಅಂಗೈ ಮೇಲೆ ಬಿದ್ದ ಹಿಮ ನೊರೆಯಾಗಿ ಒಡೆಯಿತು. ಅವಳು ಮೂಸಿ ನೋಡಿದಳು.

"ಸೋಪು," ಎಂದಳು ದೊಡ್ಡಕ್ಕನಿಗೆ. "ರಜೆ ದಿನಾನೂ ಇದೇ ಬಂತು ನೋಡು."

ಮೆರವಣಿಗೆ ಬಂತು. ಅವಳೇ ಒಗೆದ ಕರಡಿ, ಅವಳೇ ಇಸ್ತ್ರಿ ಮಾಡಿದ ರೆಕ್ಕೆಗಳು. ಪುಟ್ಟಿ ಚಪ್ಪಾಳೆ ತಟ್ಟಿ ತಟ್ಟಿ ಕುಣಿದಳು. ಮೆರವಣಿಗೆ ತಿರುವಿಗೆ ಹೋಗಿ ನಿಂತಿತು. ಹಿಂದಕ್ಕೆ ನಡೆದು ಹೋಯಿತು. ಮತ್ತೆ ಬಂತು.

"ಇನ್ನೊಂದ್ಸಲ. ಈ ಸಲ ಎಲ್ಲರೂ ಜೋರಾಗಿ ನಗಬೇಕು," ಮೈಕಿನ ಹುಡುಗಿ ಕೂಗಿದಳು. "ಆ ಬಿಸಿಲಿಗೆ ಕಣ್ಣು ಕಿರಿದು ಮಾಡ್ಬೇಡಿ. ಚಳಿ ಆಗ್ತಿದೆ ಅನ್ಕೊಳ್ಳಿ."

ಹಗ್ಗದ ಆಚೆ ಎರಡು ಕ್ಯಾಮೆರಾ ಇದ್ದವು. ಐದನೆಯ ಸಲ ಮೆರವಣಿಗೆ ಬಂದಾಗ ಕ್ರಿಸ್ಮಸ್ ತಾತ ಸೋಪಕ್ಕನ ಮುಂದೆ ಬಗ್ಗಿದ. ಆ ವೇಷ ಹಾಕುತ್ತಿದ್ದವನನ್ನು ಎಲ್ಲರೂ ಉದ್ದಪ್ಪ ಅನ್ನುತ್ತಿದ್ದರು. ಕಡ್ಡಿಯಂಥ ಮನುಷ್ಯ, ಹೊಟ್ಟೆಗೆ ಎರಡು ದಿಂಬು ಕಟ್ಟಿಕೊಳ್ಳುತ್ತಿದ್ದ. ಗಡ್ಡದೊಳಗಿನಿಂದ ಪಿಸುಗುಟ್ಟಿದ.

"ಜಾಹೀರಾತು ತೆಗೀತಿದಾರೆ ಅಕ್ಕ. ಹೊರಗಿಂದ ಜನ ಕರೆಸೋ ಬದಲು ನಮ್ಮನ್ನ ನಿಲ್ಲಿಸಿದಾರೆ. ನನ್ನ ಹೆಂಡ್ತೀನೂ ಆ ಕಡೆ ಸಾಲಲ್ಲಿ ಕೈ ಬೀಸ್ತಿದಾಳೆ, ಪಾಪ."

ಸೋಪಕ್ಕ ಮಗಳ ಕಡೆ ನೋಡಿದಳು. ಪುಟ್ಟಿ ಈಗ ಕುಣಿಯುತ್ತಿರಲಿಲ್ಲ. ಹೇಳಿದಾಗ ನಗುತ್ತಿದ್ದಳು, ನಿಲ್ಲಿಸು ಎಂದಾಗ ನಿಲ್ಲಿಸುತ್ತಿದ್ದಳು.

"ಅಮ್ಮ, ಆಟ ಯಾವಾಗ?"

"ಈಗ ಬಿಡ್ತಾರೆ."

"ಹಸಿವು."

"ಕೊಡ್ತಾರೆ, ಇರು."

ಹನ್ನೆರಡೂವರೆಗೆ ಕೊನೆಗೂ ಹಗ್ಗ ಬಿಚ್ಚಿದರು. "ಎಲ್ಲರೂ ರೈಲಿನ ಹತ್ರ ಬನ್ನಿ," ಎಂದು ಹುಡುಗಿ ಕರೆದಾಗ ಅತ್ತೆಯ ಕಾಲಿಗೆ ಎಲ್ಲಿಂದ ಬಲ ಬಂತೋ, ಸೊಸೆಯ ಕೈ ಬಿಟ್ಟು ಮುಂದೆ ನಡೆದರು. ಬಿಳಿ ಬಟ್ಟೆಯ ಗುಡ್ಡ ಎದುರಿಗೇ ಇತ್ತು. ಅದರ ಬುಡದಲ್ಲಿ ಕೆಂಪು ರೈಲು, ಹತ್ತು ಡಬ್ಬಿ. ಅತ್ತೆ ಮೊದಲ ಡಬ್ಬಿಯಲ್ಲೇ ಕೂತರು. ಪಕ್ಕದಲ್ಲಿ ಪುಟ್ಟಿ, ಹಿಂದೆ ಸೋಪಕ್ಕ. ರೈಲು ನಡೆಸುವವನು ಎಲ್ಲರ ಮಡಿಲ ಮೇಲೂ ಕಂಬಿ ಇಳಿಸಿ ಭದ್ರ ಮಾಡಿದ. ಅವನ ತಾಯಿ ನಾಲ್ಕನೆಯ ಡಬ್ಬಿಯಲ್ಲಿದ್ದಳು.

"ಕೈ ಮೇಲೆತ್ತಿ. ಕೂಗಿ. ರೈಲು ಇಳಿಜಾರಲ್ಲಿ ಬೀಳ್ತಾ ಇದೆ ಅನ್ಕೊಳ್ಳಿ," ಮೈಕಿನ ಹುಡುಗಿ ಹೇಳಿದಳು.

ಎಲ್ಲರೂ ಕೂಗಿದರು. ಇಬ್ಬರು ಆಳುಗಳು ದೊಡ್ಡ ಫ್ಯಾನು ತಂದು ಮುಖಕ್ಕೆ ಗಾಳಿ ಬಿಟ್ಟರು. ಕೂದಲು ಹಾರಿತು. ಅತ್ತೆ ನಿಜವಾಗಿಯೂ ನಕ್ಕರು. ಬಾಯಲ್ಲಿ ಉಳಿದ ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕರು. ಕ್ಯಾಮೆರಾದವನು ಅವರ ಮುಖದ ಹತ್ತಿರ ಬಂದು ಬಹಳ ಹೊತ್ತು ತೆಗೆದ.

"ಸೂಪರ್. ಮುಗೀತು. ಎಲ್ಲರೂ ಇಳೀರಿ."

ಕಂಬಿಗಳು ಮೇಲೆದ್ದವು. ರೈಲು ಇದ್ದಲ್ಲೇ ಇತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ, ಹೇಳಿದ್ದನ್ನು ಮಾಡಿ ರೂಢಿಯಾದವರು, ಒಬ್ಬೊಬ್ಬರೇ ಇಳಿಯತೊಡಗಿದರು. ಅತ್ತೆ ಇಳಿಯಲಿಲ್ಲ.

"ಇಳೀರಿ ಅಜ್ಜಿ," ಹುಡುಗಿ ಹೇಳಿದಳು.

"ಯಾಕೆ ಇಳೀಲಿ? ರೈಲು ಹತ್ತಿದವರು ಊರು ಬಂದ್ಮೇಲೆ ಇಳೀತಾರೆ."

ಯಾರೋ ಕಿಸಕ್ಕೆಂದರು. ಹುಡುಗಿ ನಗಲಿಲ್ಲ. "ಎರಡು ಗಂಟೆಗೆ ಗೆಸ್ಟ್‌ಗಳು ಬರ್ತಾರೆ ಅಜ್ಜಿ. ಅವರಿಗೆ ಡಬ್ಬಿ ಒರೆಸಿ ರೆಡಿ ಮಾಡ್ಬೇಕು."

"ನಾವು ಅತಿಥಿಗಳು ಅಂತ ನೀನೇ ಹೇಳಿದೆಯಂತಲ್ಲ ಮಗಳೇ."

ಹುಡುಗಿ ಮೈಕು ಕೆಳಗಿಳಿಸಿದಳು. ಮ್ಯಾನೇಜರನ್ನು ಕರೆಯಲು ಹೋದಳು. ಇಳಿದು ನಿಂತಿದ್ದ ದೊಡ್ಡಕ್ಕ ಸೋಪಕ್ಕನ ಪಕ್ಕ ಮತ್ತೆ ಬಂದು ಕೂತಳು. ನಾಲ್ಕನೆಯ ಡಬ್ಬಿಯ ಮುದುಕಿ ಕೂತಳು. ಹೀಗೆ ಹತ್ತೂ ಡಬ್ಬಿ ತುಂಬಿದವು. ರೈಲು ನಡೆಸುವವನು ಸನ್ನೆಗೋಲಿಗೆ ಕೈ ಹಾಕಿ ಎಳೆದ. ಏನೂ ಆಗಲಿಲ್ಲ. ಕಂಟ್ರೋಲ್ ರೂಮಿನವರು ಕರೆಂಟು ತೆಗೆದಿದ್ದರು.

ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕೂತರು. ಪುಟ್ಟಿ ಅಳತೊಡಗಿದಳು. "ನಂಗೆ ರೈಲು ಬೇಡ, ಮನೆಗೆ ಹೋಗೋಣ," ಎಂದು ಅಮ್ಮನ ತೋಳು ಜಗ್ಗಿದಳು. ಸೋಪಕ್ಕನಿಗೆ ಯಾರ ಮೇಲೋ ಬಂದ ಸಿಟ್ಟು ಮಗಳ ಬೆನ್ನ ಮೇಲೆ ಬಿತ್ತು. ಹೊಡೆದ ಕೈಯನ್ನು ತಾನೇ ನೋಡಿಕೊಂಡು ಕೂತಳು.

ಮ್ಯಾನೇಜರ್ ಬಂದರು. ಬೈಯಲಿಲ್ಲ. ಅತ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಾತಾಡಿದರು.

"ಅಮ್ಮ, ನೀವು ಹಿರಿಯರು. ಈಗ ಇಳಿದುಬಿಡಿ. ಐದು ಗಂಟೆಗೆ ನಿಮಗೋಸ್ಕರವೇ ಒಂದು ರೈಲು ಓಡಿಸ್ತೀನಿ. ನನ್ನ ಮಾತು."

"ಖಂಡಿತಾನಾ?"

"ಖಂಡಿತ."

ಅತ್ತೆ ಸೊಸೆಯ ಕಡೆ ನೋಡಿದರು. ಸೋಪಕ್ಕ ತಲೆ ಆಡಿಸಿದಳು. ಆ ತಲೆ ಆಡಿಸಿದ್ದಕ್ಕೆ ಅವಳು ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

ಊಟ ಹಿಂದಿನ ಶೆಡ್ಡಿನಲ್ಲಿದೆ ಎಂದರು. ಹಸಿರು ಬೇಲಿ ದಾಟಿಸಿ ಕರೆದುಕೊಂಡು ಹೋದರು. ಒಬ್ಬೊಬ್ಬರಿಗೆ ಒಂದು ಬನ್ನು, ಒಂದು ಬಾಳೆಹಣ್ಣು, ಕೆಂಪು ರಿಬ್ಬನ್ ಕಟ್ಟಿದ ಬಿಸ್ಕೆಟ್ ಪೊಟ್ಟಣ. ತಿನ್ನುತ್ತಿದ್ದಾಗಲೇ ಕಾವಲಿನವನು ಬಂದು ಬೇಲಿಯ ಬಾಗಿಲಿಗೆ ಬೀಗ ಹಾಕಿದ. ಆಚೆಯಿಂದ ಹಸಿರು ಪಟ್ಟಿಯವರ ಗದ್ದಲ ಕೇಳಿತು. ರೈಲು ಹೊರಟ ಸದ್ದೂ ಕೇಳಿತು.

ಐದು ಗಂಟೆಯವರೆಗೆ ಕಾದರು. ಐದೂವರೆಗೆ ಅತ್ತೆ ಎದ್ದು ಹೋಗಿ ಬೇಲಿಯ ಸರಳು ಹಿಡಿದರು.

"ಐದು ಗಂಟೆ ರೈಲು ಇದೆಯಪ್ಪ ನಮ್ಮದು."

"ಯಾವ ರೈಲು ಅಜ್ಜಿ? ನನಗೆ ಯಾರೂ ಹೇಳಿಲ್ಲ. ಹಿಂದಿನ ಗೇಟು ಆ ಕಡೆ." ಕಾವಲಿನವನು ಮುಖ ನೋಡದೆ ಹೇಳಿದ. ಅವನ ಹೆಂಡತಿ ಮಕ್ಕಳೂ ಅದೇ ಶೆಡ್ಡಿನಲ್ಲಿ ಬನ್ನು ತಿಂದಿದ್ದರು.

ಅತ್ತೆ ಹಿಂದಿನ ಗೇಟಿನಿಂದಲೇ ಹೊರಬಂದರು. ಮನೆಗೆ ಬಂದ ಮೇಲೆ, "ಮಣ್ಣು ಹೊರಿಸಿದಾಗಲಾದರೂ ನಗು ಅಂತ ಹೇಳಿರ್ಲಿಲ್ಲ ಕಣೆ," ಎಂದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಮರುದಿನ ಹನ್ನೊಂದು ಗಂಟೆಗೆ ಮ್ಯಾನೇಜರ್ ಸೋಪಕ್ಕನನ್ನು ಒಬ್ಬಳನ್ನೇ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಕಾಗದವಿತ್ತು. ನಿನ್ನೆ ತಾನು ಮತ್ತು ತನ್ನ ಮನೆಯವರು ಉತ್ಸವಕ್ಕೆ ಅಡ್ಡಿ ಮಾಡಿದ್ದು ತಪ್ಪು, ಮತ್ತೆ ಹೀಗಾದರೆ ಕೆಲಸದಿಂದ ತೆಗೆಯಬಹುದು ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಮ್ಮ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್ಲರೂ ಹಾಕಿಯಾಯ್ತು, ನೀನೊಬ್ಬಳೇ ಬಾಕಿ." ಆಮೇಲೆ ಫೋನು ಚಾಚಿದರು. "ನೋಡು, ನಿಮ್ಮತ್ತೆ ಎಷ್ಟು ಚೆನ್ನಾಗಿ ಬಂದಿದಾರೆ."

ಜಾಹೀರಾತು ಸಿದ್ಧವಾಗಿತ್ತು. ಅತ್ತೆ ಕೈ ಎತ್ತಿ ನಗುತ್ತಿದ್ದರು. ಅವರ ಹಿಂದೆ ಹಿಮದ ಬೆಟ್ಟ ಸರ್ರನೆ ಜಾರುತ್ತಿತ್ತು. ಮರಗಳು ಓಡುತ್ತಿದ್ದವು.

"ರೈಲು ಓಡ್ತಿದೆಯಲ್ಲ ಸಾರ್," ಸೋಪಕ್ಕ ಹೇಳಿದಳು.

"ಅದು ಕಂಪ್ಯೂಟರಲ್ಲಿ ಮಾಡಿದ್ದು."

ಅವಳು ಕಾಗದ ಎತ್ತಿಕೊಂಡಳು. "ಓದಿಸ್ಕೊಂಡು ಬಂದು ಹಾಕ್ತೀನಿ ಸಾರ್," ಎಂದಳು. ಓದಲು ಅವಳಿಗೆ ಬರುತ್ತಿತ್ತು. ಹೊರಗೆ ಬರಬೇಕಿತ್ತು, ಅಷ್ಟೇ.

ಬಾಗಿಲ ಹೊರಗಿನ ಬೆಂಚಿನ ಮೇಲೆ ಉದ್ದಪ್ಪ ಕೂತಿದ್ದ. ಅವನ ಪಕ್ಕ ರೈಲು ನಡೆಸುವವನು.

"ನೀನೂ ಹಾಕಿದೆಯಂತಲ್ಲ ಅಕ್ಕ," ಉದ್ದಪ್ಪ ಕೇಳಿದ.

"ಯಾರು ಹೇಳಿದ್ದು?"

"ಬೆಳಿಗ್ಗೆ ಸಾಹೇಬರೇ ಹೇಳಿದ್ರು. ಎಲ್ಲರೂ ಹಾಕಿಯಾಯ್ತು, ನೀನೊಬ್ಬನೇ ಬಾಕಿ ಅಂತ. ಯೋಚನೆ ಮಾಡ್ತೀನಿ ಅಂದೆ. ಇಲ್ಲೇ ಕೂತ್ಕೊಂಡು ಮಾಡು ಅಂದ್ರು."

"ನನಗೂ ಹಾಗೇ ಹೇಳಿದ್ರು," ರೈಲಿನವನು ಹೇಳಿದ.

ಸೋಪಕ್ಕ ಕಾಗದವನ್ನು ಎರಡಾಗಿ ಮಡಿಸಿದಳು.

"ಬನ್ನಿ," ಎಂದಳು. "ಬೆಂಚಿನ ಮೇಲೆ ಯಾಕೆ ಕೂರ್ತೀರಿ, ನಮ್ಮ ಕೋಣೇಲಿ ಜಾಗ ಇದೆ."

ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಕಸ ಗುಡಿಸುವವರು ಬಂದರು, ಅಡುಗೆಯವರು ಬಂದರು. ಜಿಂಕೆಯ ವೇಷದವರು ಬನಿಯನ್ನಿನಲ್ಲೇ ಬಂದು ತೊಟ್ಟಿಯ ಅಂಚಿನ ಮೇಲೆ ಕೂತರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಗದ, ಯಾವುದರ ಮೇಲೂ ಸಹಿ ಇಲ್ಲ. ಬೇಲಿಯ ಕಾವಲಿನವನು ಕೊನೆಯಲ್ಲಿ ಬಂದು, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ. ದೊಡ್ಡಕ್ಕ ಅವನಿಗೆ ಒಂದು ಬಕೆಟ್ಟು ಬೋರಲು ಹಾಕಿ ಕೂರಿಸಿದಳು.

ಎರಡೂ ಮುಕ್ಕಾಲಿಗೆ ಮೈಕಿನ ಹುಡುಗಿ ಓಡಿಬಂದಳು. ಮೈಕು ಇರಲಿಲ್ಲ.

"ಏನಿದು? ಮೂರು ಗಂಟೆಗೆ ಮೆರವಣಿಗೆ ಇದೆ. ಎರಡು ಸಾವಿರ ಜನ ನಿಂತಿದಾರೆ. ಸಾಹೇಬರು ಒಬ್ಬೊಬ್ಬರಾಗಿ ಬಂದು ಮಾತಾಡಿ ಅಂತಿದಾರೆ."

"ಅವರನ್ನೇ ಇಲ್ಲಿಗೆ ಬರೋಕೆ ಹೇಳಿ ಮೇಡಂ," ಸೋಪಕ್ಕ ಹೇಳಿದಳು. "ನಾವೆಲ್ಲ ಒಟ್ಟಿಗೇ ಇದೀವಿ."

ಹುಡುಗಿ ಬಟ್ಟೆ ಒಣಹಾಕುವ ಹಗ್ಗದ ಕಡೆ ನೋಡಿದಳು. ಕರಡಿಯೂ ಜಿಂಕೆಗಳೂ ರೆಕ್ಕೆಗಳೂ ಒದ್ದೆಯಾಗಿ ತೂಗುತ್ತಿದ್ದವು. ನೀರು ತೊಟ್ಟಿಕ್ಕುತ್ತಿತ್ತು. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು.